ಹೊಸ ವಾಚಿಗೆ ಹಳೆಯ ಮುಖ

ಹಳೆಯ ಹಾಡಿಗೆ ನಮ್ಮ ಕಾರ್ಯಕ್ರಮದಲ್ಲಿ ಯಾವತ್ತೂ ಬೇಡಿಕೆ ಇದ್ದೇ ಇದೆ. ಈಗ ಹಳೆಯ ವಾಚಿಗೂ ಅದೇ ಕಾಲ ಬಂದಿದೆ. ಮೊಬೈಲಿನಲ್ಲಿ ಗಂಟೆ ನೋಡಿ ಬೆಳೆದ ಹುಡುಗರು ಕೀ ಕೊಡುವ ವಾಚು ಹುಡುಕುತ್ತಿದ್ದಾರೆ. ಆದರೆ ಎಲ್ಲರ ಮನೆಯಲ್ಲೂ ತಾತನ ವಾಚು ಇರಬೇಕಲ್ಲ? ಇಲ್ಲದವರು ಹೊಸ ವಾಚನ್ನೇ ಹಳೆಯದು ಮಾಡಿಕೊಳ್ಳುತ್ತಾರೆ! ಅದು ಹೇಗೆ, ಎಲ್ಲಿಯ ತನಕ ಹವ್ಯಾಸ, ಎಲ್ಲಿಂದ ಮೋಸ ಅನ್ನುವುದನ್ನು ಈ ಸಲ ನೋಡೋಣ.

ತಾನಾಗಿ ಬರುವ ವಯಸ್ಸು

ಮೊದಲು ವಾಚು ತಾನಾಗಿ ಹೇಗೆ ಮುದಿಯಾಗುತ್ತದೆ ನೋಡಿ. ಬಿಸಿಲು ಬಿದ್ದು ಬಿದ್ದು ಕೆಲವು ಕಪ್ಪು ಡಯಲ್‌ಗಳು ಕಾಫಿ ಬಣ್ಣಕ್ಕೆ ತಿರುಗುತ್ತವೆ. ಕತ್ತಲಲ್ಲಿ ಹೊಳೆಯಲೆಂದು ಹಚ್ಚಿದ ಬಣ್ಣ ಕೆನೆಯಂತೆ ಹಳದಿಯಾಗುತ್ತದೆ. ಪ್ಲಾಸ್ಟಿಕ್ ಗಾಜಿನ ಮೇಲೆ ಗೀರು ಬೀಳುತ್ತದೆ. ಹಿತ್ತಾಳೆಯ ಮೇಲಿನ ಕ್ರೋಮ್ ಲೇಪನ ಬೆವರಿಗೆ ಸವೆದು ಒಳಗಿನ ಹಳದಿ ಇಣುಕುತ್ತದೆ. ನಮ್ಮ ಚೆನ್ನೈನ ಸೆಕೆ, ಬೆವರು, ಉಪ್ಪುಗಾಳಿ ಈ ಕೆಲಸವನ್ನು ಇನ್ನೂ ಬೇಗ ಮಾಡುತ್ತವೆ. ಅಂಬತ್ತೂರು ಎಸ್ಟೇಟಿನ ಶೆಡ್‌ಗಳಲ್ಲಿ ಮೆಷಿನ್ ಮುಂದೆ ನಿಂತು ದುಡಿದವರ ವಾಚಿನಲ್ಲಿ ಇವೆಲ್ಲ ಒಟ್ಟಿಗೇ ಕಾಣಬಹುದು.

ಈ ಸವೆತಕ್ಕೇ ಈಗ ಬೆಲೆ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ವಾಚಿಗಿಂತ ಅದರ ಹಿಂದಿನ ಬದುಕಿಗೆ ಕೊಟ್ಟ ದುಡ್ಡು ಅದು.

ತರಿಸಿಕೊಂಡ ವಯಸ್ಸು

ಇನ್ನು ಕೃತಕ ವಯಸ್ಸಿನ ವಿಚಾರ. ಹವ್ಯಾಸಿಗಳು ಸೈಕೋದಂಥ ಸಾದಾ ವಾಚು ಕೊಂಡು ಡಯಲ್, ಮುಳ್ಳು, ಗಾಜು ಬದಲಿಸುತ್ತಾರೆ. ಚಪ್ಪಟೆ ಗಾಜು ತೆಗೆದು ಉಬ್ಬುಗಾಜು ಕೂರಿಸಿದರೇ ಅರ್ಧ ಹಳೆಯ ಕಳೆ ಬಂದಂತೆ. ಮುಳ್ಳಿನ ಬಿಳಿ ಬಣ್ಣಕ್ಕೆ ಗಟ್ಟಿ ಚಹಾ ಅಥವಾ ಕಾಫಿ ಡಿಕಾಕ್ಷನ್ ಸವರಿ ಕೆನೆಬಣ್ಣ ತರಿಸುತ್ತಾರೆ. ಡಯಲ್ ಸುತ್ತಲಿನ ಬಣ್ಣದ ಅಲ್ಯೂಮಿನಿಯಂ ಬಳೆಯನ್ನು ಬ್ಲೀಚಿನಲ್ಲಿ ಅದ್ದಿ ಮಾಸಲು ಮಾಡುತ್ತಾರೆ. ಕಂಚಿನ ಕೇಸನ್ನು ಬೇಯಿಸಿದ ಮೊಟ್ಟೆಯ ಜತೆ ಡಬ್ಬಿಯಲ್ಲಿ ಮುಚ್ಚಿಡುವವರೂ ಇದ್ದಾರೆ. ಮೊಟ್ಟೆಯಿಂದ ಬರುವ ಗಂಧಕದ ಅನಿಲ ತಾಕಿ ಕಂಚು ಕಪ್ಪಾಗುತ್ತದೆ. ಇಂಥದ್ದೆಲ್ಲ ಮಾಡುವ ಮೊದಲು ಒಳಗಿನ ಯಂತ್ರ ಹೊರಗೆ ತೆಗೆದಿರಬೇಕು, ಇಲ್ಲದಿದ್ದರೆ ವಾಚಿಗೆ ವಯಸ್ಸಲ್ಲ, ಆಯುಷ್ಯವೇ ಮುಗಿಯುತ್ತದೆ! ನಿಮ್ಮ ವಾಚು, ನಿಮ್ಮ ದುಡ್ಡು, ನಿಮ್ಮ ಕೈ. ಇಲ್ಲಿಯ ತನಕ ಯಾರ ತಕರಾರೂ ಇಲ್ಲ.

ನಮ್ಮ ಎಚ್‌ಎಂಟಿಯ ಪಾಡು

ತಕರಾರು ಶುರುವಾಗುವುದು ನಿಜವಾದ ಹಳೆಯ ವಾಚಿನ ಮೇಲೆ ಕೈ ಇಟ್ಟಾಗ. ಕನ್ನಡಿಗರ ಮಟ್ಟಿಗೆ ಹಾಗಂದರೆ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಜನತಾ, ಪೈಲಟ್, ಸೋನಾ, ಕಾಂಚನ್ ಹೆಸರು ಕೇಳಿದರೆ ಹಿರಿಯರ ಮುಖ ಅರಳುತ್ತದೆ. 1984ರಲ್ಲಿ ಟಾಟಾ ಮತ್ತು ತಮಿಳುನಾಡಿನ ಟಿಡ್ಕೊ ಸೇರಿ ಟೈಟನ್ ಹುಟ್ಟುಹಾಕಿದವು. ಹೊಸೂರಿನಿಂದ ಬ್ಯಾಟರಿ ವಾಚುಗಳು ಬರತೊಡಗಿದ ಮೇಲೆ ಕೀ ಕೊಡುವವರು ಕಡಿಮೆಯಾದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು.

ಆಮೇಲೆ ಬೇಡಿಕೆ ಏರಿತು ನೋಡಿ! ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ, ಎಲ್ಲಿಂದಲೋ ತಂದ ಕೇಸು ಜೋಡಿಸಿ ‘ಅಸಲಿ ವಿಂಟೇಜ್’ ಎಂದು ಮಾರುವುದು ದೊಡ್ಡ ವ್ಯಾಪಾರವಾಯಿತು. ವಿದೇಶದ ಸಂಗ್ರಾಹಕರು ಇಂಥ ವಾಚಿಗೆ ‘ಮುಂಬೈ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ.

ಗುರುತಿಸುವುದು ಕಷ್ಟವಲ್ಲ. ಒಂದು ಭೂತಗನ್ನಡಿ ಸಾಕು. ಅಕ್ಷರದ ಅಂಚು ಹರಡಿದೆಯೇ? ನಿಮಿಷದ ಗೆರೆಗಳು ಸೊಟ್ಟಗಿವೆಯೇ? ಕೇಸ್ ಪೂರ್ತಿ ಸವೆದಿದ್ದು ಡಯಲ್ ಮಾತ್ರ ನಿನ್ನೆ ಮುದ್ರಿಸಿದಂತಿದೆಯೇ? ಡಯಲ್ ಮೇಲಿನ ಹೊಳೆಯುವ ಬಣ್ಣ ಹಳದಿಯಾಗಿ ಮುಳ್ಳಿನದು ಬೆಳ್ಳಗಿದೆಯೇ? ಹಾಗಿದ್ದರೆ ಅನುಮಾನ ಪಡಿ. ಒಂದೇ ಕೈಯಲ್ಲಿ ಬಾಳಿದ ವಾಚಿನ ಭಾಗಗಳೆಲ್ಲ ಜತೆಯಲ್ಲೇ ಮುದಿಯಾಗಿರುತ್ತವೆ.

ಒಂದು ಎಚ್ಚರಿಕೆ

ಸಂತೆಯಲ್ಲಿ 1960ಕ್ಕೂ ಹಿಂದಿನ ಸ್ವಿಸ್ ಅಥವಾ ಮಿಲಿಟರಿ ವಾಚು ಸಿಕ್ಕರೆ ಅದರ ಡಯಲ್ ಕೆರೆಯಲು ಹೋಗಬೇಡಿ. ಆ ಕಾಲದ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರುವ ಸಂಭವ ಹೆಚ್ಚು. ಬಣ್ಣ ಹೊಳೆಯುವುದು ನಿಂತರೂ ರೇಡಿಯಂ ನಿಲ್ಲುವುದಿಲ್ಲ, ಅದರ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಕೆರೆದ ಪುಡಿ ಉಸಿರಿನಲ್ಲಿ ಒಳಹೋದರೆ ಅಪಾಯ. ಇಂಥ ವಾಚನ್ನು ಮನೆಯಲ್ಲಿ ಬಿಚ್ಚಲೇಬೇಡಿ.

ಅಪ್ಪನ ವಾಚು ರಿಪೇರಿಗೆ ಕೊಡುವಾಗ

ಮದುವೆಯಲ್ಲಿ ಮಾವ ಕೊಟ್ಟ ವಾಚು, ನಿವೃತ್ತಿಯ ದಿನ ಜತೆಗಾರರು ಕೊಟ್ಟ ವಾಚು ನಿಮ್ಮ ಬೀರುವಿನಲ್ಲೂ ಇರಬಹುದು. ನಿಂತಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ಎಷ್ಟೋ ಸಲ ಒಳಗಿನ ಎಣ್ಣೆ ಒಣಗಿರುತ್ತದೆ ಅಷ್ಟೆ. ‘ಬಿಚ್ಚಿ ತೊಳೆದು ಎಣ್ಣೆ ಹಾಕಿ, ಡಯಲ್ ಮುಟ್ಟಬೇಡಿ, ಪಾಲಿಶ್ ಬೇಡ, ತೆಗೆದ ಹಳೆಯ ಭಾಗ ವಾಪಸ್ ಕೊಡಿ’ ಎಂದು ರಿಪೇರಿಯವರಿಗೆ ಮೊದಲೇ ಹೇಳಿ. ಬಫಿಂಗ್ ಮೆಷಿನ್‌ಗೆ ಹಿಡಿದರೆ ಕೇಸಿನ ಅಂಚುಗಳು ಕರಗಿಹೋಗುತ್ತವೆ, ಮತ್ತೆ ಬರುವುದಿಲ್ಲ. ಡಯಲ್‌ಗೆ ಬಣ್ಣ ಬಳಿಸಿದರೂ ಅಷ್ಟೇ. ಅಪ್ಪ ಇಪ್ಪತ್ತು ವರ್ಷ ನೋಡಿದ ಮುಖ ಅದು.

ಹಳೆಯ ಕಳೆ ಬೇಕೆನ್ನುವ ಮಗನಿಗೆ ಸಾವಿರ ರೂಪಾಯಿಯ ಹೊಸ ವಾಚು ಕೊಡಿಸಿ, ಚಹಾ, ಮೊಟ್ಟೆ ಎಲ್ಲ ಅದರ ಮೇಲೆ ಪ್ರಯೋಗವಾಗಲಿ. ಮುಂದೆ ಅದನ್ನು ಮಾರಿದರೆ ಏನೇನು ಬದಲಾಯಿಸಿದ್ದು ಎಂದು ಕೊಳ್ಳುವವರಿಗೆ ಹೇಳಿಬಿಡಲಿ. ಬೀರುವಿನಲ್ಲಿರುವ ವಾಚಿಗೆ ಮಾತ್ರ ದಿನಕ್ಕೊಮ್ಮೆ ಕೀ ಕೊಟ್ಟರೆ ಸಾಕು.

ನಿಮ್ಮ ಮನೆಯಲ್ಲಿ ಇನ್ನೂ ಓಡುತ್ತಿರುವ ಎಚ್‌ಎಂಟಿ ಇದೆಯೇ? ಯಾರದು, ಯಾವಾಗ ಬಂದದ್ದು? ಎರಡು ಸಾಲು ಬರೆದು ಕಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇವೆ.