ಕೈ ತಲುಪದ ಕಡೆಯ ಬೆಲ್ಟು

ಹಡಗಿನ ಕಂಟೇನರ್‌ನ ಒಳ ಅಗಲ 2.35 ಮೀಟರ್. ಸ್ವಿಫ್ಟ್ ಕಾರಿನ ಅಗಲ, ಕನ್ನಡಿ ಮಡಚಿಟ್ಟರೆ, ಹೆಚ್ಚುಕಡಿಮೆ 1.73. ಉಳಿಯುವುದು 62 ಸೆಂಟಿಮೀಟರ್. ಎರಡೂ ಪಕ್ಕಕ್ಕೆ ಸಮನಾಗಿ ಹಂಚಿದರೆ ಒಂದೊಂದು ಕಡೆ ಒಂದಡಿ. ಒಂದಡಿ ಸಂದಿಯಲ್ಲಿ ಬಾಗಿಲು ತೆರೆದು ಇಳಿಯಬಲ್ಲ ಮನುಷ್ಯ ವಿರಾರ್ ಲೋಕಲ್‌ನಲ್ಲಿ ಓಡಾಡಿ ಪಳಗಿದವರಲ್ಲೂ ಸಿಗಲಿಕ್ಕಿಲ್ಲ. ಆದ್ದರಿಂದ ಯಾರೂ ಸಮನಾಗಿ ಹಂಚುವುದಿಲ್ಲ. ನಮ್ಮ ಕಾರುಗಳ ಸ್ಟೇರಿಂಗ್ ಬಲಕ್ಕಿರುವುದರಿಂದ ಕಾರನ್ನು ಎಡಗೋಡೆಗೆ ನಾಲ್ಕು ಬೆರಳಷ್ಟೇ ಬಿಟ್ಟು ಒತ್ತಿ ನಿಲ್ಲಿಸುತ್ತಾರೆ. ಆಗ ಬಲಗಡೆ ಒಂದೂವರೆ ಅಡಿಗೂ ಸ್ವಲ್ಪ ಹೆಚ್ಚು ಜಾಗ. ಬಾಗಿಲು ಅಷ್ಟರಲ್ಲೇ ತೆರೆಯಬೇಕು, ಚಾಲಕನೂ ಅಷ್ಟರಲ್ಲೇ ಹೊರಬರಬೇಕು. ಕಾರು ಇನ್ನೋವಾ ಕ್ರಿಸ್ಟಾ ಆದರೆ ಇನ್ನೂ ಹತ್ತು ಸೆಂಟಿಮೀಟರ್ ಕಡಿಮೆ. ಆಗ ಗಾಜು ಇಳಿಸಿ ಕಿಟಕಿಯಿಂದ ನುಸುಳುವುದೇ ದಾರಿ.

ಮುಂಬೈಯಿಂದ ಊರಿಗೆ ಮರಳುವ ಕನ್ನಡಿಗರ ಕಾರುಗಳು ಲಾರಿಯ ಟ್ರೇಲರಿನ ಇಂಥದೇ ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಹೊರಡುತ್ತವೆ. ಏಪ್ರಿಲ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಬೆಂಗಳೂರಿಗೆ ವರ್ಗವಾದವರು, ನಿವೃತ್ತರಾಗಿ ಉಡುಪಿಗೋ ಹುಬ್ಬಳ್ಳಿಗೋ ಹೋಗುವವರು ಪ್ಯಾಕರ್ಸ್‌ನವರಿಗೆ ಫೋನು ಹಚ್ಚುತ್ತಾರೆ. ಮುಲುಂಡಿನ ಸೊಸೈಟಿಯ ಗೇಟಿಗೆ ಟ್ರೇಲರ್ ಬರುವುದು ಆಗದ ಮಾತು. ಹುಡುಗನೊಬ್ಬ ಬಂದು, ನಾಲ್ಕು ಕಡೆಯಿಂದ ಫೋಟೊ ಹೊಡೆದು, ಮೀಟರಿನ ಕಿಲೋಮೀಟರ್ ಬರೆದುಕೊಂಡು, ಕೀಲಿ ತೆಗೆದುಕೊಂಡು ಕಲಂಬೋಲಿ, ಪನ್ವೇಲ್ ಅಥವಾ ಭಿವಂಡಿ ಕಡೆಯ ಯಾರ್ಡಿಗೆ ಓಡಿಸಿಕೊಂಡು ಹೋಗುತ್ತಾನೆ. ಮಾಲೀಕನ ಕೈಯಲ್ಲಿ ಉಳಿಯುವುದು ಬಿಲ್ಟಿ, ಅಂದರೆ ಸಾಗಣೆಯ ರಸೀದಿ. ಕಾರನ್ನು ಕಟ್ಟುವ ಹೊತ್ತಿಗೆ ಅವನು ಅಲ್ಲಿರುವುದಿಲ್ಲ.

ನೋಡಬೇಕಾದ್ದು ಇರುವುದು ಆ ಯಾರ್ಡಿನಲ್ಲೇ. ರ‍್ಯಾಂಪಿನ ಮೇಲೆ ಕಾರು ಹತ್ತುತ್ತಿದ್ದರೆ ಕ್ಲೀನರ್ ಒಳಗಿನಿಂದ ‘ಆನೇ ದೋ, ಆನೇ ದೋ’ ಅನ್ನುತ್ತ ತಗಡಿನ ಗೋಡೆಯನ್ನು ಅಂಗೈಯಿಂದ ಬಡಿಯುತ್ತಿರುತ್ತಾನೆ. ‘ಬಸ್’ ಅಂದೊಡನೆ ಎಂಜಿನ್ ಆಫ್ ಆಗಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಹೊಗೆ ತುಂಬಿಕೊಳ್ಳಲು ಹೆಚ್ಚು ಹೊತ್ತು ಬೇಡ. ನಂತರ ಹ್ಯಾಂಡ್‌ಬ್ರೇಕ್, ಗೇರು, ಗಾಲಿಗಳ ಹಿಂದೆ ಮುಂದೆ ಮರದ ಗುಟ್ಟ. ಕೊನೆಗೆ ಬೆಲ್ಟು. ಎಡವಟ್ಟಾಗುವುದು ಇಲ್ಲೇ. ಹಿಂದಿನ ಎರಡು ಗಾಲಿಗೆ ಬೆಲ್ಟು ಹಾಕುವುದು ಸುಲಭ, ಬಾಗಿಲ ಕಡೆ ನಿಂತು ಬಗ್ಗಿದರಾಯಿತು. ಬಲಮುಂದಿನದಕ್ಕೆ ಸಂದಿಯಲ್ಲಿ ಅಡ್ಡಡ್ಡ ನಡೆದು ಹೋಗಬಹುದು. ಎಡಮುಂದಿನ ಗಾಲಿ ಗೋಡೆಗೆ ಅಂಟಿಕೊಂಡಿದೆ. ಅಲ್ಲಿಗೆ ತಲುಪಬೇಕಾದರೆ ಕಾರಿನ ಮೂತಿಯನ್ನು ಬಳಸಿ, ಹೊಟ್ಟೆಯ ಮೇಲೆ ಮಲಗಿ, ಮೊಬೈಲ್ ಬೆಳಕಿನಲ್ಲಿ ಕೊಕ್ಕೆ ಹುಡುಕಬೇಕು. ಮೇ ತಿಂಗಳ ಮಧ್ಯಾಹ್ನ, ಕಾದ ತಗಡಿನೊಳಗೆ. ಅಲ್ಲಿನ ಬೆಲ್ಟು ಸಡಿಲವಾಗಿಯೇ ಉಳಿದರೆ ಆ ಹುಡುಗನನ್ನು ಬೈಯಲು ನನಗೆ ಮನಸ್ಸು ಬಾರದು.

ತಿಳಿದವರು ಇದಕ್ಕೆ ಉಪಾಯ ಮಾಡಿಕೊಂಡಿರುತ್ತಾರೆ. ಕಾರು ಒಳಗೆ ಬರುವ ಮೊದಲೇ ಎಡಪಕ್ಕದ ಬೆಲ್ಟುಗಳನ್ನು ನೆಲದ ಬಳೆಗೆ ಸಿಕ್ಕಿಸಿ ಹಾಸಿರುತ್ತಾರೆ. ಗಾಲಿ ಅದರ ಮೇಲೆ ಬಂದು ನಿಂತ ಮೇಲೆ ತುದಿಯನ್ನು ಟೈರಿನ ಮೇಲಿಂದ ತಂದು, ಬಿಗಿಯುವ ರ‍್ಯಾಚೆಟ್ಟನ್ನು ಕೈಗೆಟುಕುವ ಕಡೆ ಇಟ್ಟುಕೊಂಡು ಎಳೆದರೆ ಸಾಕು. ಕೆಲವು ಟ್ರೇಲರ್‌ಗಳ ಪಕ್ಕದ ತಗಡಿಗೆ ಗಾಲಿಯ ಎತ್ತರದಲ್ಲಿ ಕಿಂಡಿಗಳಿರುತ್ತವೆ, ಹೊರಗಿನಿಂದಲೇ ಕೈ ಹಾಕಬಹುದು. ಟ್ರೇಲರ್ ಆರಿಸುವ ಸ್ವಾತಂತ್ರ್ಯವಿದ್ದವರು ಬಾಡಿಗೆ ಚೌಕಾಸಿ ಮಾಡುವ ಮುನ್ನ ಈ ಕಿಂಡಿ ಇದೆಯೇ ಎಂದು ಕೇಳುವುದು ಲೇಸು.

ಇಷ್ಟು ಇಕ್ಕಟ್ಟು ಯಾಕೆಂದರೆ ಕಾನೂನಿನ ಮಿತಿಯೇ ಬಿಗಿ. ಟ್ರೇಲರ್ ಸಮೇತ ಲಾರಿಯ ಉದ್ದ 18.75 ಮೀಟರ್, ಅಗಲ 2.6 ಮೀಟರ್ ದಾಟುವಂತಿಲ್ಲ. ಅಷ್ಟರೊಳಗೆ ಎರಡಂತಸ್ತು ಮಾಡಿ, ಕಾರಿನ ಬಾಲಕ್ಕೆ ಕಾರಿನ ಮೂತಿ ತಾಗುವಂತೆ ತುಂಬಿದರೇನೇ ಡೀಸೆಲ್ ಖರ್ಚು ಗಿಟ್ಟುವುದು.

ಇನ್ನು ಯಾವುದನ್ನು ಕಟ್ಟಬೇಕೆಂಬ ಪ್ರಶ್ನೆ. ಗಾಲಿಯನ್ನೋ, ಬಾಡಿಯನ್ನೋ? ಮೇಲ್ನೋಟಕ್ಕೆ ಬಾಡಿಯನ್ನು ನೆಲಕ್ಕೆ ಜಗ್ಗಿ ಕಟ್ಟುವುದೇ ಭದ್ರ ಅನಿಸುತ್ತದೆ. ಆದರೆ ಬಾಡಿ ಕುಳಿತಿರುವುದು ಸ್ಪ್ರಿಂಗಿನ ಮೇಲೆ. ರಸ್ತೆಯ ಹೊಂಡಕ್ಕೆ ಲಾರಿ ಕುಕ್ಕಿದಾಗ ಸ್ಪ್ರಿಂಗ್ ಕುಗ್ಗುತ್ತದೆ, ಬೆಲ್ಟು ಸಡಿಲವಾಗುತ್ತದೆ. ಮರುಕ್ಷಣ ಬಾಡಿ ಮೇಲೆದ್ದು ಬೆಲ್ಟಿಗೆ ಜಗ್ಗು ಕೊಡುತ್ತದೆ. ನೂರಾರು ಮೈಲಿ ಈ ಕುಕ್ಕು-ಜಗ್ಗು ನಡೆದರೆ ಕೊಕ್ಕೆ ಕಳಚೀತು, ಇಲ್ಲವೇ ಕೊಕ್ಕೆ ಸಿಕ್ಕಿಸಿದ ಭಾಗ ಬಗ್ಗೀತು. ಟೈರನ್ನೇ ನೆಲಕ್ಕೆ ಕಟ್ಟಿದರೆ ಬಾಡಿ ತನ್ನ ಪಾಡಿಗೆ ಕುಣಿಯುತ್ತದೆ, ಗಾಲಿ ಮಾತ್ರ ಕದಲುವುದಿಲ್ಲ. ಬಾಡಿ ಕುಣಿಯುವಷ್ಟು ಜಾಗ ಗೋಡೆಯ ಕಡೆಗೂ ಬೇಕು. ‘ಗೀರಾಗದಿರಲಿ’ ಎಂದು ಕಾರಿಗೂ ಗೋಡೆಗೂ ನಡುವೆ ಹಾಸಿಗೆ, ರಟ್ಟು ತುರುಕುವವರಿದ್ದಾರೆ. ದಾರಿಯುದ್ದಕ್ಕೂ ಅದೇ ಬಣ್ಣವನ್ನು ಉಜ್ಜುತ್ತ ಹೋಗುತ್ತದೆ.

ಬೆಲ್ಟಿನ ಬಲದ ಲೆಕ್ಕವೂ ಬೇಕು. ಸರಕು ಕಟ್ಟುವ ಯುರೋಪಿನ ಇಎನ್ 12195 ಮಾನದಂಡದ ಪ್ರಕಾರ ಕಟ್ಟು ಮುಂದಕ್ಕೆ ಸರಕಿನ ತೂಕದ ಶೇ 80ರಷ್ಟು, ಹಿಂದಕ್ಕೂ ಪಕ್ಕಕ್ಕೂ ಶೇ 50ರಷ್ಟು ಸೆಳೆತ ತಡೆಯಬೇಕು. 900 ಕಿಲೋ ತೂಗುವ ಕಾರಿಗೆ, ಚಾಲಕ ಗಕ್ಕನೆ ಬ್ರೇಕ್ ಒತ್ತಿದಾಗ, ಮುಂದಕ್ಕೆ 720 ಕಿಲೋ ಭಾರದ ನೂಕು. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಡಿಯುವುದು ಹಿಂದಿನ ಎರಡು ಗಾಲಿಯನ್ನು ಮಾತ್ರ. ಅದನ್ನು ನಂಬಿ ಕೂರುವಂತಿಲ್ಲ.

ಕಟ್ಟಿದ ಬೆಲ್ಟು ಕಟ್ಟಿದಂತೆ ಇರುವುದಿಲ್ಲ. ಮೊದಲ ಮೂವತ್ತು–ನಲವತ್ತು ಕಿಲೋಮೀಟರಿನಲ್ಲಿ ಕಾರು ತನ್ನ ಜಾಗದಲ್ಲಿ ಕುಳಿತುಕೊಳ್ಳುತ್ತದೆ, ಬೆಲ್ಟು ಕೊಂಚ ಜೋಲುತ್ತದೆ. ಕಲಂಬೋಲಿಯಿಂದ ಪುಣೆ ಎಕ್ಸ್‌ಪ್ರೆಸ್‌ವೇ ಹಿಡಿದ ಲಾರಿಗೆ ಅಷ್ಟು ದೂರದಲ್ಲಿ ಸಿಗುವುದು ಖಾಲಾಪುರ ಟೋಲ್ ನಾಕಾ; ಅದು ದಾಟಿದರೆ ಬೋರ್ ಘಾಟ್. ಮತ್ತೊಮ್ಮೆ ಬಿಗಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಘಾಟ್ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಸರಿದು ಮುಂದಿನ ಬೆಲ್ಟುಗಳಿಗೆ ಪರೀಕ್ಷೆ ಬರುತ್ತದೆ, ಅದರಲ್ಲೂ ಕೈ ತಲುಪದ ಆ ಎಡಮುಂದಿನದಕ್ಕೆ. ಬೆಂಗಳೂರಿನಿಂದ ಮುಂಬೈಗೆ ಬರುವ ಲಾರಿಗೆ ಅದೇ ಘಾಟ್ ಇಳಿಜಾರು, ಲೆಕ್ಕ ತಿರುಗುಮುರುಗು.

ರೈಲ್ವೆಯವರು ಇದೇ ಇಕ್ಕಟ್ಟನ್ನು ಬೇರೆ ಬಗೆಯಲ್ಲಿ ನಿಭಾಯಿಸಿದ್ದಾರೆ. ಪ್ರಯಾಣಿಕರ ಸೇವೆಯಿಂದ ನಿವೃತ್ತವಾದ ಹಳೆಯ ಐಸಿಎಫ್ ಬೋಗಿಗಳ ಸೀಟು ಕಿತ್ತು, ಕಿಟಕಿಗಳಿಗೆ ತಗಡು ಬೆಸೆದು, ನೆಲ ಗಟ್ಟಿ ಮಾಡಿ, ತುದಿಗಳಿಗೆ ದೊಡ್ಡ ಬಾಗಿಲಿಟ್ಟ ಎನ್‌ಎಂಜಿ ವ್ಯಾಗನ್‌ಗಳಲ್ಲಿ ಹೊಸ ಕಾರುಗಳು ದೇಶ ಸುತ್ತುತ್ತವೆ. ಒಂದು ತುದಿಯಿಂದ ಹತ್ತಿಸಿದ ಕಾರು ಬೋಗಿಯಿಂದ ಬೋಗಿಗೆ ದಾಟುತ್ತ ರೈಲಿನ ಇನ್ನೊಂದು ತುದಿಯವರೆಗೂ ಒಳಗೇ ಓಡುತ್ತದೆ. ಬೋಗಿ ಲಾರಿಗಿಂತ ಅಗಲ, ಹೊರಗಿನಿಂದ 3.2 ಮೀಟರಿಗೂ ಮಿಗಿಲು. ಬಾಗಿಲು ತೆರೆಯುವ ತಾಪತ್ರಯ ಅಲ್ಲಿ ಅಷ್ಟಿಲ್ಲ.

ಕೊಂಕಣ ರೈಲ್ವೆ 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಲಾರಿಗಳನ್ನೇ ರೈಲಿಗೆ ಹತ್ತಿಸುವ ರೋರೋ ಸೇವೆ ಆರಂಭಿಸಿತು. ಮುಂದೆ ಅದು ಸುರತ್ಕಲ್‌ವರೆಗೂ ಬಂತು. 2025ರ ಆಗಸ್ಟಿನಲ್ಲಿ, ಗಣೇಶ ಚತುರ್ಥಿಯ ಹೊತ್ತಿಗೆ, ಕೋಲಾಡ್–ವೆರ್ಣಾ ನಡುವೆ ಕಾರುಗಳಿಗೂ ಅದೇ ಸೌಲಭ್ಯ ಬಂತು: ಒಂದು ವ್ಯಾಗನ್‌ಗೆ ಎರಡರಂತೆ ನಲವತ್ತು ಕಾರು, ಒಂದಕ್ಕೆ 7,875 ರೂಪಾಯಿ, ಮಾಲೀಕರು ಅದೇ ರೈಲಿನ ಬೋಗಿಯಲ್ಲಿ. ವ್ಯಾಗನ್ ತೆರೆದದ್ದು, ಗೋಡೆಯಿಲ್ಲ. ನಾಲ್ಕೂ ಗಾಲಿ ಕಣ್ಣೆದುರೇ ಇರುವುದರಿಂದ ಕಟ್ಟುವುದು ಸಲೀಸು. ಆದರೆ ಮುಂಬೈಯಿಂದ ಕೋಲಾಡ್‌ವರೆಗೆ ನೂರಿಪ್ಪತ್ತು ಕಿಲೋಮೀಟರ್ ತಾವೇ ಓಡಿಸಿಕೊಂಡು ಹೋಗಬೇಕಿತ್ತು. ಆರಂಭದಲ್ಲಿ ಬುಕಿಂಗ್ ನೀರಸವಾಗಿತ್ತು. ನಮ್ಮ ಕರಾವಳಿಯವರನ್ನು ಕೇಳಿದ್ದರೆ ಕಾರು ಇಳಿಸುವ ಜಾಗ ವೆರ್ಣಾ ಅಲ್ಲ, ಸುರತ್ಕಲ್ ಎನ್ನುತ್ತಿದ್ದರು.

ವಿಮೆಯ ಬಗ್ಗೆ ಒಂದು ಮಾತು. ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ ರಸ್ತೆ, ರೈಲು, ಒಳನಾಡು ಜಲಮಾರ್ಗದಲ್ಲಿ ಸಾಗಿಸುವಾಗ ಆಗುವ ಹಾನಿಗೂ ರಕ್ಷಣೆಯಿದೆ. ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ. ಸಾಗಣೆಯವರು ಪ್ರತ್ಯೇಕ ಟ್ರಾನ್ಸಿಟ್ ವಿಮೆಗೆ ಹಣ ಕೇಳಿದಾಗ ಮೊದಲು ಸ್ವಂತ ಪಾಲಿಸಿ ತೆರೆದು ಓದಿ. ಡಿಕ್ಕಿಯಲ್ಲಿ ಪಾತ್ರೆಪಗಡಿ ತುಂಬಿ ಕಳಿಸುವ ಆಸೆಯನ್ನೂ ಬಿಡಿ. ಅದಕ್ಕೆ ಕಾರಿನ ವಿಮೆ ಇಲ್ಲ, ತೂಕ ಮಾತ್ರ ಬೆಲ್ಟಿನ ಮೇಲೆ ಬೀಳುತ್ತದೆ.

ಕಾರು ಊರಲ್ಲಿ ಇಳಿದಾಗ ಎಲ್ಲರೂ ನೋಡುವುದು ಬಾನೆಟ್ ಮತ್ತು ಬಾಗಿಲಿನ ಗೀರು. ಬಗ್ಗಿ ನೋಡಬೇಕಾದ್ದು ಮುಂದಿನ ಗಾಲಿಗಳ ಒಳಬದಿ, ಅದರಲ್ಲೂ ಎಡಗಡೆಯದು. ಬ್ರೇಕಿನ ರಬ್ಬರ್ ಪೈಪಿಗೆ ಕೊಕ್ಕೆ ತಾಗಿದೆಯೇ, ಗಾಲಿ ಹಿಡಿದಿರುವ ಆರ್ಮ್ ಬಗ್ಗಿದೆಯೇ, ಅಲಾಯ್ ಅಂಚಿನಲ್ಲಿ ಬೆಲ್ಟು ಉಜ್ಜಿದ ಗುರುತಿದೆಯೇ ನೋಡಿ. ರಾತ್ರಿ ಹೊತ್ತು ಡೆಲಿವರಿ ತಂದರೆ ಬೆಳಕಿರುವ ಕಡೆ ನಿಲ್ಲಿಸಲು ಹೇಳಿ. ಕಂಡದ್ದನ್ನು ಬಿಲ್ಟಿಯ ಪ್ರತಿಯ ಮೇಲೆಯೇ ಬರೆದು, ಆಮೇಲೆ ಸಹಿ ಹಾಕಿ.