ಹಿಂಬದಿಯ ಬ್ರೇಕಿನ ಗೊಣಗಾಟ

ಈಜು, ಸೈಕಲ್ ಸವಾರಿ, ಓಟ—ಈ ಮೂರನ್ನೂ ಒಂದರ ಬೆನ್ನಿಗೊಂದರಂತೆ ಮುಗಿಸಬೇಕಾದ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. 1978ರಲ್ಲಿ ಹವಾಯಿಯಲ್ಲಿ ಮೊದಲಾದ ‘ಐರನ್‌ಮ್ಯಾನ್’ ಸ್ಪರ್ಧೆಯಲ್ಲಿ ಸೈಕಲ್ಲಿನ ಪಾಲು 180 ಕಿಲೋಮೀಟರ್. ಎಂದರೆ ಸರಿಸುಮಾರು ಬೆಂಗಳೂರಿನಿಂದ ಹಾಸನಕ್ಕೆ ಹೋದಷ್ಟು ದೂರ. ಅಷ್ಟು ದಾರಿಯನ್ನು ತುಳಿಯಬೇಕಾದವನ ಹಿಂದಿನ ಗಾಲಿಗೆ ಬ್ರೇಕಿನ ರಬ್ಬರು ಸದಾ ಉಜ್ಜುತ್ತಲೇ ಇದ್ದರೆ, ಅವನ ಬೆವರಿನ ಒಂದು ಪಾಲು ಬರಿಯ ಶಾಖವಾಗಿ ವ್ಯರ್ಥವಾಯಿತೆಂದೇ ಅರ್ಥ.

ಈ ಕಾಟಕ್ಕೆ ಅನೇಕರು ಮೊದಲು ಹುಡುಕುವ ಮದ್ದು ಒಂದೇ: ಬ್ರೇಕಿನ ತಂತಿಯನ್ನು ಸಡಿಲಿಸಿಬಿಡುವುದು. ಸದ್ದೇನೋ ಅಡಗುತ್ತದೆ. ಆದರೆ ನಂದಿಬೆಟ್ಟದ ಇಳಿಜಾರಿನ ತಿರುವಿನಲ್ಲಿ ಬ್ರೇಕಿನ ಹಿಡಿಯನ್ನು ಪೂರ್ತಿಯಾಗಿ ಅದುಮಿದರೂ ಗಾಲಿ ನಿಲ್ಲದಿದ್ದರೆ? ಉಜ್ಜುವ ಬ್ರೇಕು ಶಕ್ತಿಯನ್ನು ಕದ್ದೀತು. ಹಿಡಿಯದ ಬ್ರೇಕು ಪ್ರಾಣವನ್ನೇ ಕದ್ದೀತು. ಆದುದರಿಂದ ಸ್ಕ್ರೂವನ್ನು ಮುಟ್ಟುವ ಮುನ್ನ ಅಪರಾಧಿ ಯಾರೆಂಬುದನ್ನು ನಿರ್ಣಯಿಸುವುದು ಮುಖ್ಯ. ಆಪಾದಿತರು ಮೂವರು: ಗಾಲಿ, ಬ್ರೇಕು ಮತ್ತು ತಂತಿ.

ಈ ಸೈಕಲ್ಲಿನ ರಚನೆಯೇ ತೊಡಕಿಗೆ ಅರ್ಧ ಕಾರಣ. ಗಾಳಿಯ ತಡೆ ತಗ್ಗಲೆಂದು ಇಂತಹ ಹಲವು ಸೈಕಲ್ಲುಗಳಲ್ಲಿ ಹಿಂದಿನ ಬ್ರೇಕನ್ನು ಪೆಡಲಿನ ಅಚ್ಚಿನ ಕೆಳಗೆ ಅಡಗಿಸಿರುತ್ತಾರೆ. ತಂತಿಯೂ ಚೌಕಟ್ಟಿನ ಒಳಗೇ ಹಾಯ್ದು ಬರುತ್ತದೆ. ರಸ್ತೆಯ ಕೆಸರು, ಸವಾರನ ಬೆವರು, ಬಾಟಲಿಯಿಂದ ಚೆಲ್ಲಿದ ಸಿಹಿ ಪಾನಕ—ಎಲ್ಲವೂ ಅಲ್ಲಿಗೇ ಇಳಿದು ಅಂಟಾಗಿ ನಿಲ್ಲುತ್ತವೆ.

ಮೊದಲು ಗಾಲಿಯ ವಿಚಾರಣೆ. ಸೈಕಲ್ಲನ್ನು ನೆಲದ ಮೇಲೆ ನೇರವಾಗಿ ನಿಲ್ಲಿಸಿ, ಗಾಲಿಯನ್ನು ಬಿಗಿಹಿಡಿದಿರುವ ಲಿವರನ್ನು ಸಡಿಲಿಸಿ, ಅಚ್ಚು ಎರಡೂ ಕಡೆ ತನ್ನ ಸ್ಥಾನದಲ್ಲಿ ಪೂರ್ತಿ ಕೂರುವಂತೆ ಮಾಡಿ ಮತ್ತೆ ಬಿಗಿಯಬೇಕು. ಅನೇಕ ವೇಳೆ ರೋಗ ಇಷ್ಟಕ್ಕೇ ವಾಸಿಯಾಗುತ್ತದೆ. ಆಗದಿದ್ದರೆ ಗಾಲಿಯನ್ನು ಎತ್ತಿ ತಿರುಗಿಸಿ ಕಿವಿಗೊಡಬೇಕು. ಸುತ್ತಿಗೊಮ್ಮೆ ಮಾತ್ರ ‘ಸರ್ರ್’ ಎಂದರೆ ರಿಮ್ಮು ಬೆಂಡಾಗಿದೆ. ಕಡ್ಡಿಗಳನ್ನು ಬಿಗಿದು ಸರಿಪಡಿಸಬೇಕು. ಆದರೆ ಅಗಲವಾದ ಕಾರ್ಬನ್ ರಿಮ್ಮುಗಳಲ್ಲಿ ಕಡ್ಡಿಯ ನಿಪ್ಪಲುಗಳು ಒಳಗೇ ಅಡಗಿರುವುದುಂಟು. ಆ ಕೆಲಸವನ್ನು ಪಳಗಿದ ಕೈಗೆ ಒಪ್ಪಿಸುವುದೇ ಲೇಸು.

ಸದ್ದು ಸುತ್ತಿನುದ್ದಕ್ಕೂ ಬರುತ್ತಿದ್ದು, ರಿಮ್ಮು ಚೌಕಟ್ಟಿನ ಎರಡು ಕೊಳವೆಗಳ ನಟ್ಟನಡುವೆ ಇದ್ದರೆ, ತಪ್ಪು ಬ್ರೇಕಿನದು. ಅದರ ಪಕ್ಕದಲ್ಲಿ ತೋಳುಗಳನ್ನು ಸಮಗೊಳಿಸಲೆಂದೇ ಒಂದು ಚಿಕ್ಕ ಸ್ಕ್ರೂ ಸಾಮಾನ್ಯವಾಗಿ ಇರುತ್ತದೆ. ಅದನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸದೆ, ಪ್ರತಿ ಸಲವೂ ಹಿಡಿಯನ್ನು ಅದುಮಿ ನೋಡುತ್ತ, ಎರಡೂ ಕಡೆ ಸುಮಾರು 2 ಮಿಲಿಮೀಟರ್ ಅಂತರ ಉಳಿಯುವಂತೆ ಮಾಡಬೇಕು. ಏರಿನಲ್ಲಿ ಎದ್ದುನಿಂತು ತುಳಿಯುವಾಗ ಮಾತ್ರ ಉಜ್ಜಿದರೆ, ಅದು ಗಾಲಿ ಬಾಗುವುದರ ಫಲ. ಅಂತರವನ್ನು ಕೂದಲೆಳೆಯಷ್ಟು ಹೆಚ್ಚಿಸಿದರೆ ಸಾಕು.

ಸರಿಪಡಿಸಿದ ಬ್ರೇಕು ಹತ್ತು ಸಲ ಅದುಮಿದೊಡನೆ ಮತ್ತೆ ಹಳೆಯ ಚಾಳಿಗೆ ಮರಳಿದರೆ, ತಂತಿಯನ್ನು ಬಿಚ್ಚಿ ತೋಳುಗಳನ್ನು ಕೈಯಿಂದಲೇ ಆಡಿಸಿ ನೋಡಬೇಕು. ಅವು ಚಟ್ಟನೆ ಹಿಂದೆ ಸರಿದರೆ ತಂತಿಯೇ ತುಕ್ಕು ಹಿಡಿದಿದೆ, ಇಲ್ಲವೇ ಒಳದಾರಿಯಲ್ಲಿ ಮುರುಟಿದೆ. ತಂತಿಯನ್ನೂ ಅದರ ಹೊರಕೊಳವೆಯನ್ನೂ ಬದಲಿಸಬೇಕು. ಸರಿಯದಿದ್ದರೆ ತೋಳಿನ ಕೀಲುಗಳನ್ನು ಒರಸಿ ತೊಟ್ಟು ಎಣ್ಣೆ ಬಿಡಬೇಕು. ಆ ಎಣ್ಣೆ ರಬ್ಬರಿಗಾಗಲಿ ರಿಮ್ಮಿಗಾಗಲಿ ಸೋಕಬಾರದು. ಸೋಕಿದರೆ ಬ್ರೇಕು ಇದ್ದೂ ಇಲ್ಲದಂತೆ. ಬೋಲ್ಟುಗಳನ್ನು ಬಿಗಿಯುವಾಗ ತಯಾರಕರು ಸೂಚಿಸಿದ ಮಿತಿಯನ್ನು ಮೀರುವಂತಿಲ್ಲ. ಅತಿಯಾಗಿ ಬಿಗಿದರೆ ಕಾರ್ಬನ್ ಚೌಕಟ್ಟು ಬಿರುಕು ಬಿಟ್ಟೀತು.

ಈಚಿನ ಹಲವು ಸೈಕಲ್ಲುಗಳಿಗೆ ಡಿಸ್ಕ್ ಬ್ರೇಕುಗಳು ಬಂದಿವೆ; ಅವುಗಳ ಚಿಕಿತ್ಸೆಯ ಕ್ರಮ ಬೇರೆ. ಯಾವ ಬಗೆಯದಾದರೂ ಕೊನೆಯ ಪರೀಕ್ಷೆ ಒಂದೇ. ಮನೆಯ ಮುಂದಿನ ಓಣಿಯಲ್ಲಿ ಮೆಲ್ಲನೆ ಸಾಗಿ, ಹಿಂದಿನ ಬ್ರೇಕೊಂದನ್ನೇ ಹಿಡಿದು ಗಾಲಿ ನಿಲ್ಲುವುದೇ ಎಂದು ನೋಡಬೇಕು. ಗೊಣಗಾಟ ಅಡಗಿದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನುವಂತಿಲ್ಲ. ಬೇಡವೆಂದಾಗ ಬಿಟ್ಟು, ಬೇಕೆಂದಾಗ ಹಿಡಿಯುವುದೇ ಬ್ರೇಕಿನ ಧರ್ಮ.