ಜಠರವನ್ನು ಕಿರಿದುಗೊಳಿಸುವ ಶಸ್ತ್ರಕ್ರಿಯೆ: ಯಾರಿಗೆ ಬೇಕು, ಯಾರಿಗೆ ಬೇಡ?

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಅನತಿದೂರದಲ್ಲಿ, ಕೊಕ್ಕರೆ ಬೆಳ್ಳೂರು ಎಂಬ ಗ್ರಾಮವಿದೆ. ವರ್ಷವರ್ಷವೂ ಚಳಿಗಾಲದಿಂದ ಬೇಸಗೆಯ ಕೊನೆಯವರೆಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆಮರಗಳಲ್ಲಿ ಗೂಡು ಕಟ್ಟಿ ಮರಿಮಾಡುತ್ತವೆ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗೆ ಜೋಲುವ ಚೀಲವು ಅದರ ಹೊಟ್ಟೆಗಿಂತಲೂ ಹೆಚ್ಚು ಹಿಡಿಸಬಲ್ಲದು. ಆದರೆ ಅದು ಆಹಾರದ ಉಗ್ರಾಣವಲ್ಲ, ಮೀನು ಹಿಡಿಯುವ ಬಲೆ. ಹಕ್ಕಿಯು ನೀರನ್ನು ಹೊರಚೆಲ್ಲಿ, ಮೀನನ್ನು ಅಗಿಯದೆ ನುಂಗುತ್ತದೆ. ಅದೇ ಮರಗಳ ಕೆಳಗಿನ ಮನೆಗಳಲ್ಲಿ ಜನರು ರಾಗಿಮುದ್ದೆಯನ್ನು ಸಾರಿನಲ್ಲಿ ಅದ್ದಿ, ಅವರೂ ಅಗಿಯದೆ ನುಂಗುತ್ತಾರೆ. ಈ ಹೋಲಿಕೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮರಳಿ ಬರುತ್ತೇವೆ.

ಸ್ಥೂಲಕಾಯವು ಪಟ್ಟಣದ ಸಿರಿವಂತರ ತೊಂದರೆಯೆಂದು ನಾವು ಬಹುಕಾಲ ಎಣಿಸಿದ್ದೆವು. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕವು ಹಿತಮಿತವನ್ನು ಮೀರಿದೆ. ಇವರಲ್ಲಿ ಬಹುಮಂದಿಗೆ ಶಸ್ತ್ರಕ್ರಿಯೆಯ ಅಗತ್ಯವಿಲ್ಲ. ಕೆಲವರಿಗೆ ಮಾತ್ರ ಅದು ಆಯುಸ್ಸಿನ ಪ್ರಶ್ನೆಯಾಗುತ್ತದೆ. ಆ ಕೆಲವರು ಯಾರು?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬೆಳ್ಳೂರಿನಂಥ ಊರಿನ ಗೃಹಿಣಿಯೊಬ್ಬರಿಗೆ 40 ವರ್ಷ, ಎತ್ತರ 1.6 ಮೀಟರು, ತೂಕ 90 ಕಿಲೋಗ್ರಾಂ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ದೇಹ ದ್ರವ್ಯರಾಶಿ ಸೂಚ್ಯಂಕ ಎಂದು ಹೆಸರು. 1.6ರ ವರ್ಗ 2.56, 90ನ್ನು ಅದರಿಂದ ಭಾಗಿಸಿದರೆ 35ಕ್ಕೆ ತುಸು ಮೇಲೆ. 1991ರಲ್ಲಿ ಅಮೆರಿಕದ ತಜ್ಞರು ಹಾಕಿಕೊಟ್ಟ ನಿಯಮದಂತೆ, ಸೂಚ್ಯಂಕವು 40 ಇದ್ದವರಿಗೆ, ಅಥವಾ 35ರ ಜೊತೆಗೆ ತೀವ್ರ ಕಾಯಿಲೆಯೂ ಇದ್ದವರಿಗೆ ಶಸ್ತ್ರಕ್ರಿಯೆ ಸಲ್ಲುತ್ತಿತ್ತು. ಭಾರತೀಯರಲ್ಲಿ ಅದೇ ಸೂಚ್ಯಂಕಕ್ಕೆ ಕೊಬ್ಬಿನ ಅಂಶ ಹೆಚ್ಚು; ಅದೂ ಹೊಟ್ಟೆಯೊಳಗೆ, ಕರುಳು ಯಕೃತ್ತುಗಳ ಸುತ್ತ ಶೇಖರವಾಗುವುದು ಹೆಚ್ಚು. ಆದಕಾರಣ 2009ರಲ್ಲಿ ನಮ್ಮ ದೇಶದ ವೈದ್ಯರು ಈ ಗಡಿಗಳನ್ನು 37.5 ಮತ್ತು 32.5ಕ್ಕೆ ಇಳಿಸಿದರು. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳು ಇನ್ನೂ ಇಳಿಸಿ, ಏಷ್ಯದವರಿಗೆ 27.5ರಿಂದಲೇ ಇದನ್ನು ಸೂಚಿಸಬಹುದೆಂದವು. ಗಡಿಯು ಹೀಗೆ ಸರಿಯುತ್ತಿರುವುದರಿಂದಲೇ ನಾವು ಒಂದು ಪಾಠ ಕಲಿಯಬೇಕು: ಸಂಖ್ಯೆಯು ಬಾಗಿಲನ್ನು ತೋರಿಸುತ್ತದೆಯೇ ಹೊರತು ಒಳಗೆ ಹೋಗಲೇಬೇಕೆಂದು ಹೇಳುವುದಿಲ್ಲ.

ಈ ವಿದ್ಯೆಯ ಚರಿತ್ರೆ ಸ್ವಾರಸ್ಯವಾದದ್ದು. 1954ರಲ್ಲಿ ಅಮೆರಿಕದ ಮಿನೆಸೋಟದ ವೈದ್ಯರು, ಆಹಾರವು ಸಣ್ಣ ಕರುಳಿನ ಬಹುಭಾಗವನ್ನು ತಪ್ಪಿಸಿ ಸಾಗುವಂತೆ ಮಾಡಿದ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ತೂಕವೇನೋ ಇಳಿಯಿತು, ಆದರೆ ಪೌಷ್ಟಿಕಾಂಶಗಳ ಕೊರತೆ, ಯಕೃತ್ತಿನ ಕೇಡು ಮುಂತಾದ ಅಪಾಯಗಳಿಂದ ಆ ಕ್ರಮ ಮೂಲೆಗೆ ಸರಿಯಿತು. ಹುಣ್ಣಿಗಾಗಿ ಜಠರದ ಒಂದು ಭಾಗವನ್ನು ತೆಗೆಸಿಕೊಂಡವರು ಸುಲಭವಾಗಿ ತೂಕ ಪಡೆಯುವುದಿಲ್ಲವೆಂಬುದನ್ನು ಗಮನಿಸಿದ ಅಯೋವದ ಎಡ್ವರ್ಡ್ ಮೇಸನ್, 1966ರಲ್ಲಿ ಜಠರವನ್ನೇ ಕಿರಿದುಮಾಡುವ ಹಾದಿ ತೆರೆದರು.

ಇಂದು ಎರಡು ಕ್ರಮಗಳು ಪ್ರಮುಖವಾಗಿವೆ. ಮೊದಲನೆಯದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ನೀಳವಾಗಿ ಬಿಡುತ್ತಾರೆ. ಇದನ್ನು ಸ್ಲೀವ್ ಎನ್ನುವರು. ಎರಡನೆಯದು ಬೈಪಾಸ್. ಇಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರು ಹಿಡಿಸುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸುತ್ತಾರೆ.

ಚೀಲ ಚಿಕ್ಕದಾಯಿತು, ಆದ್ದರಿಂದ ತಿನ್ನುವುದು ಕಡಿಮೆಯಾಯಿತು ಎಂದಷ್ಟೇ ತಿಳಿದರೆ ಅರ್ಧ ಸತ್ಯ ಮಾತ್ರ ತಿಳಿದಂತೆ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಜಠರದ ಮೇಲ್ಭಾಗದಲ್ಲಿ ಹೆಚ್ಚಾಗಿ ಹುಟ್ಟುವ ಇದು ಮೆದುಳಿಗೆ ಹಸಿವಿನ ಸುದ್ದಿಯನ್ನು ಒಯ್ಯುತ್ತದೆ. ಸ್ಲೀವ್ ಕ್ರಮದಲ್ಲಿ ಆ ಭಾಗವೇ ಹೋಗುವುದರಿಂದ ಹಸಿವು ತಗ್ಗುತ್ತದೆ. ಬೈಪಾಸಿನಲ್ಲಿ ಆಹಾರವು ಕರುಳಿನ ಕೆಳಭಾಗವನ್ನು ಬೇಗ ಮುಟ್ಟಿ, ಜಿ.ಎಲ್.ಪಿ.-1 ಎಂಬ ಹಾರ್ಮೋನು ಹೆಚ್ಚಾಗಿ ಒಸರುತ್ತದೆ. ಇದು ತೃಪ್ತಿಯನ್ನು ತಂದು ಇನ್ಸುಲಿನ್ನಿಗೂ ನೆರವಾಗುತ್ತದೆ. ಅನೇಕರಲ್ಲಿ ತೂಕ ಇಳಿಯುವ ಮುನ್ನವೇ, ಕೆಲವು ದಿನಗಳಲ್ಲಿ ರಕ್ತದ ಸಕ್ಕರೆ ಇಳಿಯುವುದಕ್ಕೆ ಇದೊಂದು ಕಾರಣ.

ಇದರಿಂದ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ. ದಪ್ಪಗಿರುವವರನ್ನು ಸೋಮಾರಿಗಳೆಂದು, ಬಾಯಿಚಪಲದವರೆಂದು ಹಳಿಯುವುದು ಅಜ್ಞಾನ. ಪಥ್ಯದಿಂದ ತೂಕ ಇಳಿಸಿದಾಗ ದೇಹವು ಗ್ರೆಲಿನ್ನನ್ನು ಹೆಚ್ಚಿಸಿ, ಶಕ್ತಿಯ ವೆಚ್ಚವನ್ನು ತಗ್ಗಿಸಿ, ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ಹೆಣಗುತ್ತದೆ. ನಮ್ಮ ಉದಾಹರಣೆಯ ಗೃಹಿಣಿಯು ಎರಡು ಸಲ ತೂಕ ಇಳಿಸಿ ಎರಡು ಸಲವೂ ಸೋತಿದ್ದರೆ, ಅದು ಆಕೆಯ ಮನೋದೌರ್ಬಲ್ಯದ ಪುರಾವೆಯಲ್ಲ.

ಈಗ ಲಾಭನಷ್ಟಗಳನ್ನು ತೂಗೋಣ. ಆಹಾರ ವ್ಯಾಯಾಮಗಳಿಂದ ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು ತೂಕ ಇಳಿಯುತ್ತದೆ. ಅಂದರೆ ಈಕೆಗೆ ನಾಲ್ಕೂವರೆಯಿಂದ ಒಂಬತ್ತು ಕಿಲೋಗ್ರಾಂ. ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿನಿಂದ, 2021ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ನೂರಕ್ಕೆ ಸರಾಸರಿ 15ರಷ್ಟು. ಇಂಥ ಔಷಧಗಳು 2025ರಿಂದ ನಮ್ಮಲ್ಲೂ ತೂಕ ಇಳಿಸಲು ದೊರೆಯುತ್ತಿವೆ. ಆದರೆ ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ. ಶಸ್ತ್ರಕ್ರಿಯೆಯಿಂದ ಒಂದೆರಡು ವರ್ಷಗಳಲ್ಲಿ ನೂರಕ್ಕೆ 25ರಿಂದ 30ರಷ್ಟು, ಅಂದರೆ ಈಕೆಗೆ ಇಪ್ಪತ್ತೆರಡು ಕಿಲೋಗ್ರಾಂಗೂ ಮೇಲ್ಪಟ್ಟು ಇಳಿಯಬಹುದು. ಮುಂದೆ ಸ್ವಲ್ಪ ಭಾಗ ಮರಳುವುದೂ ಉಂಟು.

ಸ್ವೀಡನ್ನಿನಲ್ಲಿ 1987ರಿಂದ ನಡೆದ ದೊಡ್ಡ ಅಧ್ಯಯನವು ಶಸ್ತ್ರಕ್ರಿಯೆ ಮಾಡಿಸಿಕೊಂಡ 2010 ಮಂದಿಯನ್ನು, ಮಾಡಿಸಿಕೊಳ್ಳದ 2037 ಮಂದಿಯೊಡನೆ ಹೋಲಿಸಿತು. ಸುಮಾರು 11 ವರ್ಷಗಳಲ್ಲಿ ಮೊದಲ ಗುಂಪಿನಲ್ಲಿ 101 ಮಂದಿಯೂ ಎರಡನೆಯದರಲ್ಲಿ 129 ಮಂದಿಯೂ ಮರಣಹೊಂದಿದರು. ಮಧುಮೇಹವಿದ್ದವರಲ್ಲಿ ಶಸ್ತ್ರಕ್ರಿಯೆಯಾದ ಎರಡು ವರ್ಷಕ್ಕೆ ನೂರಕ್ಕೆ 72 ಮಂದಿ ಅದರಿಂದ ಮುಕ್ತರಾಗಿದ್ದರೆ, ಹತ್ತು ವರ್ಷಕ್ಕೆ ಹಾಗಿದ್ದವರು 36 ಮಂದಿ. ಲಾಭ ನಿಜ, ಆದರೆ ಪವಾಡವಲ್ಲ.

ಇನ್ನು ಅಪಾಯಗಳು. ಪಳಗಿದ ಕೈಗಳಲ್ಲಿ, ಮೊದಲ ಕೆಲವು ವಾರಗಳಲ್ಲಿ ಸಾವಿರಕ್ಕೆ ಒಬ್ಬರಿಂದ ಮೂವರಷ್ಟು ಮಂದಿ ಪ್ರಾಣ ಕಳೆದುಕೊಳ್ಳುತ್ತಾರೆ. ಹೊಲಿಗೆಯ ಕಡೆ ಸೋರಿಕೆ, ರಕ್ತಸ್ರಾವ, ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಸಾಗುವುದು ಇವು ಮುಖ್ಯ ಕಾರಣಗಳು. ಆನಂತರ ಪಿತ್ತಕೋಶದ ಕಲ್ಲು, ಎದೆಯುರಿ, ಕಬ್ಬಿಣ, ಕ್ಯಾಲ್ಸಿಯಂ, ಬಿ-12 ಜೀವಸತ್ವಗಳ ಕೊರತೆ ತಲೆದೋರಬಹುದು. ಆದ್ದರಿಂದ ಜೀವಮಾನವಿಡೀ ಮಾತ್ರೆಗಳೂ ವರ್ಷಕ್ಕೊಮ್ಮೆ ರಕ್ತಪರೀಕ್ಷೆಯೂ ತಪ್ಪವು. ಮಗುವಿನ ಬಯಕೆಯುಳ್ಳವರು ಒಂದೂವರೆ ವರ್ಷದಷ್ಟು ಕಾಯಬೇಕು.

ಇಲ್ಲಿಯೇ ಮುದ್ದೆಯ ಮಾತು ಬರುವುದು. ಕಿರಿದಾದ ಜಠರಕ್ಕೆ ನುಂಗಿದ ತುತ್ತು ಒಗ್ಗುವುದಿಲ್ಲ. ಅದು ತಡೆದು ನೋವನ್ನೂ ವಾಂತಿಯನ್ನೂ ತರುತ್ತದೆ. ಒಂದೊಂದು ಚಿಕ್ಕ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು. ಊಟದ ನಡುವೆ ನೀರು ಕುಡಿಯಬಾರದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು. ನೂರು ಗ್ರಾಂ ರಾಗಿಯಲ್ಲಿರುವುದು ಸುಮಾರು 7 ಗ್ರಾಂ. ರಾಗಿಯ ಕ್ಯಾಲ್ಸಿಯಂ ಶ್ರೇಷ್ಠವೇ ಆದರೂ ತಟ್ಟೆಯಲ್ಲಿ ಮೊದಲ ಸ್ಥಾನವನ್ನು ಹುರುಳಿ, ಮೊಟ್ಟೆ, ಮೀನು, ಮೊಸರುಗಳಿಗೆ ಬಿಡಬೇಕಾಗುತ್ತದೆ. ಗದ್ದೆಯಿಂದ ಬಂದವರಿಗೆ ಮುದ್ದೆ ತೊಳಸಿ ಬಡಿಸುವ ಕೈಯೇ ತನಗಾಗಿ ಬೇರೆ ಅಡಿಗೆ ಮಾಡಿಕೊಳ್ಳಬೇಕು. ಮನೆಯವರು ಇದಕ್ಕೆ ಸಹಕರಿಸುವರೇ? ಶಸ್ತ್ರವೈದ್ಯನ ಕೌಶಲದಷ್ಟೇ ಮುಖ್ಯವಾದ ಪ್ರಶ್ನೆಯಿದು.

ಹಣದ ವಿಚಾರವನ್ನೂ ಮರೆಯಲಾಗದು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಹಾಕಿದ ನಿಯಮವು ಹಳೆಯ 40 ಮತ್ತು 35ರ ಗಡಿಗಳನ್ನೇ ಹಿಡಿದಿದೆ. ವೈದ್ಯಶಾಸ್ತ್ರವು ಒಪ್ಪಿದವರನ್ನೆಲ್ಲ ವಿಮೆಯು ಒಪ್ಪಲಾರದು.

ತರುಣ ಓದುಗರಿಗೆ ಒಂದು ಎಚ್ಚರಿಕೆ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆ ಬೇರೆ, ನಾವು ವಿವರಿಸಿದ ಶಸ್ತ್ರಕ್ರಿಯೆ ಬೇರೆ. ಕೊಬ್ಬು ಹೀರುವುದರಿಂದ ಹಸಿವಾಗಲಿ ಮಧುಮೇಹವಾಗಲಿ ಬದಲಾಗದು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಇಂಥ ಚಿಕಿತ್ಸೆಯ ಬಳಿಕ ತೀರಿಕೊಂಡರು. ಕನ್ನಡಿಗಾಗಿ ಕತ್ತಿಯ ಕೆಳಗೆ ಮಲಗುವುದು ವಿವೇಕವಲ್ಲ.

ಹಾಗಾದರೆ ನಮ್ಮ ಗೃಹಿಣಿಯ ನಿರ್ಧಾರವೇನು? ಆಕೆಯ ಸೂಚ್ಯಂಕವೂ ಕಾಯಿಲೆಯೂ ಶಸ್ತ್ರಕ್ರಿಯೆಯ ಪರವಾಗಿವೆ. ಔಷಧವನ್ನು ಸರಿಯಾಗಿ ಪರೀಕ್ಷಿಸಿಲ್ಲವಾದರೆ ಮೊದಲು ಅದು ನಡೆಯಲಿ. ಅದೂ ಸೋತರೆ ಶಸ್ತ್ರವೈದ್ಯರನ್ನು ಕೇಳಲಿ: ಇಂಥವನ್ನು ಎಷ್ಟು ಮಾಡಿದ್ದೀರಿ? ತೊಡಕು ಬಂದರೆ ರಾತ್ರಿ ಯಾರನ್ನು ಕಾಣಬೇಕು? ಐದು ವರ್ಷಗಳ ಮೇಲೆ ನನ್ನನ್ನು ಯಾರು ನೋಡುವರು? ಕೊನೆಯದಾಗಿ ತನ್ನನ್ನೇ ಕೇಳಿಕೊಳ್ಳಲಿ: ಇದು ನನ್ನ ಆರೋಗ್ಯಕ್ಕಾಗಿಯೋ, ನೆಂಟರ ಮಾತಿಗಾಗಿಯೋ? ಈ ನಾಲ್ಕಕ್ಕೂ ನೇರವಾದ ಉತ್ತರ ದೊರೆತರೆ ಅವರು ಧೈರ್ಯದಿಂದ ಮುಂದುವರಿಯಬಹುದು. ದೊರೆಯದಿದ್ದರೆ ಕಾಯುವುದೂ ಜಾಣತನವೇ. ಹೋದ ಜಠರವನ್ನು ಮರಳಿ ಜೋಡಿಸಲು ಬಾರದು. ನಿರ್ಧಾರವನ್ನಾದರೋ ನಾಲ್ಕು ತಿಂಗಳು ಮುಂದೂಡಬಹುದು.